ಆದಿತ್ಯವಾರದ ಮುಯ್ಯಾಳುಗಳು

ನೇಜಿ ನೆಡುವ ದಿನಗಳಲ್ಲಿ ಒಂದು ಮನೆಯ ಕೈಗಳು ಎಂದೂ ಸಾಲುತ್ತಿರಲಿಲ್ಲ. ಆದುದರಿಂದ ಇಂದು ನಿಮ್ಮ ಗದ್ದೆಗೆ ನಾವು, ನಾಡಿದ್ದು ನಮ್ಮ ಗದ್ದೆಗೆ ನೀವು ಎಂಬ ಒಪ್ಪಂದದ ಮೇಲೆ ನೆರೆಕರೆಯವರು ಕೂಡಿ ದುಡಿಯುತ್ತಿದ್ದರು. ಅಲ್ಲಿ ಕೂಲಿಯ ಮಾತಿಲ್ಲ, ಊಟವಿದೆ, ಹರಟೆಯಿದೆ, ಮತ್ತೆ ತೀರಿಸಬೇಕಾದ ಋಣವೊಂದಿದೆ. ಈ ಪದ್ಧತಿಗೆ ಕನ್ನಡದಲ್ಲಿ ಮುಯ್ಯಾಳು ಎಂಬ ಸೊಗಸಾದ ಹೆಸರು. ಗದ್ದೆಗಳು ಅಡಿಕೆ ತೋಟಗಳಾಗಿ, ತೋಟಗಳು ಮನೆ ಕಟ್ಟುವ ನಿವೇಶನಗಳಾದ ಮೇಲೆ ಈ ಮಾತು ನಮ್ಮ ಬಾಯಿಯಿಂದ ಜಾರಿ ನಿಘಂಟಿನೊಳಗೆ ಸೇರಿಕೊಂಡಿದೆ.

ಆದರೆ ಪದ್ಧತಿ ಸತ್ತಿಲ್ಲ. ಅದು ಗದ್ದೆಯಿಂದೆದ್ದು ಅಂಗಳಕ್ಕೆ ಬಂದಿದೆ. ಆದಿತ್ಯವಾರ ಬೆಳಗ್ಗೆ ನಾಲ್ಕಾರು ಗೆಳೆಯರು ಒಬ್ಬನ ಮನೆಯಂಗಳದಲ್ಲಿ ಕೂಡಿ ತಮ್ಮ ಹಳೆಯ ಮೋಟಾರ್ ಸೈಕಲುಗಳನ್ನು ತಾವೇ ಬಿಚ್ಚಿ, ತೊಳೆದು, ಸರಿಪಡಿಸಿ, ಮತ್ತೆ ಜೋಡಿಸುವುದನ್ನು ಕಂಡವರಿಗೆ ನನ್ನ ಮಾತು ಅರ್ಥವಾದೀತು. ಈ ವಾರ ಒಬ್ಬನ ಗಾಡಿ, ಮುಂದಿನ ವಾರ ಇನ್ನೊಬ್ಬನದು. ಮನೆಯ ಹೆಂಗಸರು "ಇವರಿಗೆ ಬೇರೆ ಕೆಲಸವಿಲ್ಲ" ಎಂದು ಗೊಣಗುತ್ತಲೇ ಚಹ ಕಾಸಿ ಕೊಡುತ್ತಾರೆ. ಇದು ಬರಿಯ ಹವ್ಯಾಸವೇ, ಅದಕ್ಕಿಂತ ಹೆಚ್ಚಿನದೇನಾದರೂ ಇದರಲ್ಲಿದೆಯೇ ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಇಂತಹ ಕೂಟಗಳ ನಡುವೆ ನಿಂತಿರುವ ಗಾಡಿ ಯಾವುದೆಂದು ನೋಡಿದರೆ ಅನೇಕ ಕಡೆ ಅದು ಜಾವಾ ಅಥವಾ ಯೆಜ್ದಿ. ಇದಕ್ಕೆ ಕಾರಣವಿದೆ, ಆ ಕಾರಣಕ್ಕೆ ಒಂದು ಚರಿತ್ರೆಯೂ ಇದೆ.

ಜಾವಾ ಹುಟ್ಟಿದ್ದು 1929ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದ ಪ್ರಾಗ್ ನಗರದಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡುಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರವನ್ನೂ ವಾಂಡರರಿನ ಮೊದಲ ಎರಡಕ್ಷರವನ್ನೂ ರೋಮನ್ ಲಿಪಿಯಲ್ಲಿ ಜೋಡಿಸಿ ಈ ಹೆಸರನ್ನು ಕಟ್ಟಿದನು. ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಯಾವ ನಂಟೂ ಇಲ್ಲ.

ಆ ಗಾಡಿ ಕನ್ನಡನಾಡಿಗೆ ಬಂದುದು ಇರಾನಿ ಮನೆತನದವರಿಂದ. ಅವರು 1960ರಲ್ಲಿ ಐಡಿಯಲ್ ಜಾವಾ ಕಂಪೆನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ಎದ್ದಿತು. ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರಿಂದ ಗಾಡಿಗಳು ಹೊರಬರತೊಡಗಿದುವು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ದಿ ಎಂಬ ಹೆಸರಾಯಿತು. ಇರಾನ್ ದೇಶದ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 1978ರಲ್ಲಿ ಬಂದ ರೋಡ್ ಕಿಂಗ್ ಮಾದರಿಯನ್ನು ಇಂದು ಐವತ್ತು ದಾಟಿದವರು ಇನ್ನೂ ಕಣ್ಣರಳಿಸಿ ವರ್ಣಿಸುತ್ತಾರೆ.

ಗಾಡಿಯ ಲಕ್ಷಣಗಳೂ ಮರೆಯುವಂಥವಲ್ಲ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ ಹೊಡೆಯುವ ಸನ್ನೆಯೂ ಗೇರ್ ಹಾಕುವ ಸನ್ನೆಯೂ ಒಂದೇ. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮತ್ತೆ ಮುಂದಕ್ಕೆ ತಂದರೆ ಗೇರ್. ಗೇರ್ ಬದಲಾಯಿಸುವಾಗ ಕ್ಲಚ್ ತಾನಾಗಿ ಬಿಡಿಸಿಕೊಳ್ಳುವ ಏರ್ಪಾಡು ಕೂಡ ಅದರಲ್ಲಿತ್ತು. ಹೊಸದಾಗಿ ನೋಡುವವರಿಗೆ ಇದು ಕಣ್ಕಟ್ಟಿನಂತೆ ಕಂಡರೂ ಬಿಚ್ಚಿ ನೋಡಿದವರಿಗೆ ಒಳ್ಳೆಯ ಪಾಠ.

1980ರ ದಶಕದಲ್ಲಿ ಗಾಳಿ ಬದಲಾಯಿತು. 1985ರಲ್ಲಿ ಹೀರೋ ಹೋಂಡಾ ಸಿ.ಡಿ. 100 ಪೇಟೆಗೆ ಬಂತು. ಸಣ್ಣ ಇಂಜಿನು, ಕಡಿಮೆ ಪೆಟ್ರೋಲು, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯೂ ಇಲ್ಲ. ಸಂಬಳದವನ ಲೆಕ್ಕಾಚಾರಕ್ಕೆ ಅದೇ ಸರಿಯೆನಿಸಿತು. ಹೊಗೆಯ ಮೇಲಿನ ಸರಕಾರದ ನಿಯಮಗಳು ಬಿಗಿಯಾಗುತ್ತ ಬಂದಂತೆ ಹಳೆಯ ಟೂ ಸ್ಟ್ರೋಕ್ ಗಾಡಿಗಳಿಗೆ ಉಸಿರು ಕಟ್ಟಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಎಂಬ ಹೆಸರುಗಳು ಮರಳಿ ಪೇಟೆಗೆ ಬಂದಿವೆಯೆಂಬುದು ನಿಜ. ಆದರೆ ಅವು ಬೇರೆ ಕಂಪೆನಿಯ, ಮಧ್ಯಪ್ರದೇಶದ ಪಿತಾಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿಗಳು. ಹೆಸರೊಂದೇ, ಒಡಲು ಬೇರೆ. ಹಳೆಯ ಗಾಡಿಗೆ ಅವುಗಳ ಇಂಜಿನಿನ ಭಾಗಗಳು ಹೊಂದುವುದಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ

ಕಾರ್ಖಾನೆ ಮುಚ್ಚಿದರೆ ಗಾಡಿಯ ಗತಿ ಏನು? ಮೊದಲು ಅಧಿಕೃತ ಅಂಗಡಿ ಮುಚ್ಚುತ್ತದೆ. ಬಳಿಕ ಬಿಡಿ ಭಾಗಗಳು ಮುಗಿಯುತ್ತವೆ. ಮೇಸ್ತ್ರಿಗಳು ಹೊಸ ಗಾಡಿಗಳಿಗೆ ಕೈ ಬದಲಿಸುತ್ತಾರೆ. ಕೊನೆಗೆ ಗಾಡಿ ಕೊಟ್ಟಿಗೆಯ ಮೂಲೆ ಸೇರಿ ಕೋಳಿಗಳಿಗೆ ಕೂರುವ ಸಲಾಕೆಯಾಗುತ್ತದೆ, ಇಲ್ಲವೇ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಎಷ್ಟೋ ಜಾವಾಗಳ ಕತೆ ಹೀಗೆಯೇ ಮುಗಿದಿದೆ.

ಮುಗಿಯದೆ ಉಳಿದವು ಉಳಿದುದು ಗೆಳೆಯರ ಕೂಟಗಳಿಂದ. ಮೈಸೂರು, ಬೆಂಗಳೂರುಗಳಲ್ಲಿ ಇಂತಹ ಬಳಗಗಳು ಬೆಳೆದುವು. ಬೆಂಗಳೂರು ಜಾವಾ ಯೆಜ್ದಿ ಮೋಟಾರ್ ಸೈಕಲ್ ಕ್ಲಬ್ 2007ರಲ್ಲಿ ಆರಂಭವಾಯಿತು. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಆದಿತ್ಯವಾರ ಅಂತಾರಾಷ್ಟ್ರೀಯ ಜಾವಾ ದಿನವೆಂದು ಈ ಗಾಡಿಗಳ ಒಡೆಯರು ಊರೂರುಗಳಲ್ಲಿ ಕೂಡುತ್ತಾರೆ. ಆ ದಿನದ ಮೆರವಣಿಗೆಯ ಚಿತ್ರಗಳನ್ನು ಪತ್ರಿಕೆಗಳಲ್ಲಿ ವಾಚಕರು ನೋಡಿರಬಹುದು. ಆದರೆ ಮೆರವಣಿಗೆ ಒಂದು ದಿನದ್ದು. ವರ್ಷದ ಉಳಿದ ದಿನಗಳಲ್ಲಿ ನಡೆಯುವ ಕೆಲಸವೇ ಬೇರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ಒಂದು ತಿರುಪಿಗಾಗಿ ಅಲೆಯುವುದು, ಒಬ್ಬನಲ್ಲಿ ಹೆಚ್ಚಿದ್ದ ಕಾರ್ಬುರೇಟರನ್ನು ಇನ್ನೊಬ್ಬನಿಗೆ ದಾಟಿಸುವುದು, ಗೊತ್ತಿದ್ದವನು ಗೊತ್ತಿಲ್ಲದವನಿಗೆ ತೋರಿಸಿಕೊಡುವುದು. ಚಿತ್ರಕ್ಕೆ ಸಿಗದ ಈ ಕೆಲಸವೇ ಗಾಡಿಗಳನ್ನು ಬದುಕಿಸಿರುವುದು.

ದೂರದ ಕ್ಯೂಬಾ ದೇಶದಲ್ಲಿಯೂ ಇದೇ ಕತೆ. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದ ಮೇಲೆ ಪೂರ್ವ ಯುರೋಪಿನಿಂದ ಬರುತ್ತಿದ್ದ ಬಿಡಿ ಭಾಗಗಳು ನಿಂತುಹೋದುವು. ಅಲ್ಲಿಯ ಜನ ಜಾವಾಗಳನ್ನು, ಉರಾಲ್‌ಗಳನ್ನು ತಮ್ಮ ಕೈಚಳಕದಿಂದಲೇ ಓಡಿಸುತ್ತ ಬಂದರು. ಪೇಟೆ ಕೈಬಿಟ್ಟಲ್ಲಿ ಸ್ನೇಹ ಕೈಹಿಡಿಯುತ್ತದೆ ಎನ್ನುವುದಕ್ಕೆ ಭಾಷೆ, ದೇಶಗಳ ಅಡ್ಡಿಯಿಲ್ಲ.

ಕೃಷ್ಣೆಯ ಆಚೆ ದಡದಲ್ಲಿ

ದೊಡ್ಡ ನಗರಗಳಲ್ಲಿ ಕ್ಲಬ್ಬು ಕಟ್ಟುವುದು ಸುಲಭ. ಗಡಿಯ ಸಣ್ಣ ಊರುಗಳಲ್ಲಿ ಹೇಗೆ? ಇದನ್ನು ತಿಳಿಯುವ ಅವಕಾಶ ನನಗೆ ದೊರೆತುದು ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಕಡೆ ಹೋದಾಗ. ಟಿ.ಸಿ.ಎಚ್. ತರಬೇತಿಯ ಕಾಲದಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯರೊಬ್ಬರು ಮಕ್ತಲ್ ಕಡೆಯವರು. ನನ್ನಂತೆಯೇ ಕನ್ನಡ ಮಾಧ್ಯಮದ ಮೇಷ್ಟ್ರು. ಬಹಳ ವರ್ಷಗಳಿಂದ ಕರೆಯುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ರಾಯಚೂರಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಶಕ್ತಿನಗರದ ಬಳಿ ಕೃಷ್ಣಾ ನದಿಯ ಸೇತುವೆ ದಾಟಿ ಅವರ ಊರು ಸೇರಿದೆ.

ನಮ್ಮ ವಾಚಕರಿಗೆ ಆ ಸೀಮೆಯ ಪರಿಚಯ ಕಡಿಮೆಯಿರಬಹುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದುದು ನಮಗೆಲ್ಲ ತಿಳಿದಿದೆ. ಅದೇ ದಿನ ಹಳೆಯ ಹೈದರಾಬಾದ್ ರಾಜ್ಯವೂ ಹಂಚಿಹೋಯಿತು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದರೂ ಅದರ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರ ಪ್ರದೇಶದ ಪಾಲಾದುವು. ಮಕ್ತಲ್, ನಾರಾಯಣಪೇಟೆಗಳೂ ಆಂಧ್ರಕ್ಕೆ ಸೇರಿದ ಮೆಹಬೂಬನಗರ ಜಿಲ್ಲೆಯಲ್ಲಿದ್ದುವು. 2014ರಿಂದ ಇವೆಲ್ಲ ತೆಲಂಗಾಣ. 2019ರಿಂದ ನಾರಾಯಣಪೇಟೆ ತಾನೇ ಒಂದು ಜಿಲ್ಲೆ. ಗದ್ವಾಲ, ನಾರಾಯಣಪೇಟೆ ಎಂದೊಡನೆ ಸೀರೆಯ ನೆನಪಾಗುವುದು ಸಹಜ. ಆದರೆ ಅಲ್ಲಿಯ ಬೀದಿಯಲ್ಲಿ ನಿಂತರೆ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸಿ ಮಾತಾಡುವವರನ್ನು ಕಂಡು ನನಗೆ ನಮ್ಮ ಮಂಜೇಶ್ವರ, ಕುಂಬಳೆಗಳ ಸಂತೆಯ ನೆನಪಾಯಿತು.

ಆದಿತ್ಯವಾರ ಬೆಳಗಾಗುತ್ತಲೇ ಗೆಳೆಯರ ಮನೆಯ ಬೇವಿನ ಮರದ ಅಡಿಯಲ್ಲಿ ಗೋಣಿತಾಟು ಹಾಸಿತ್ತು. ಗೆಳೆಯರ ತಂದೆಯವರ ಕಾಲದ ಯೆಜ್ದಿಯೊಂದು ಅಲ್ಲಿ ನಿಂತಿತ್ತು. ಎಂಟು ಗಂಟೆಯ ಹೊತ್ತಿಗೆ ಉಳಿದವರು ಬಂದರು. ಒಬ್ಬರು ಹತ್ತಿ, ಶೇಂಗಾ ಬೆಳೆಯುವ ರೈತರು. ಇನ್ನೊಬ್ಬರು ನಾರಾಯಣಪೇಟೆಯ ನೇಕಾರ ಮನೆತನದವರು. ಮೂರನೆಯವರು ಗದ್ವಾಲದಲ್ಲಿ ಲೇತ್ ಅಂಗಡಿಯಿಟ್ಟವರು. ಎಲ್ಲರಲ್ಲಿಯೂ ಹಳೆಯ ಗಾಡಿಗಳು. ಕೊನೆಗೆ ಮೊಮ್ಮಗನ ಕೈಹಿಡಿದುಕೊಂಡು ಬಂದವರು ಎಪ್ಪತ್ತು ದಾಟಿದ ಮುಸಲ್ಮಾನ ಮೇಸ್ತ್ರಿ. ಎಲ್ಲರೂ ಅವರನ್ನು ಚಾಚಾ ಎಂದು ಕರೆಯುತ್ತಾರೆ. ಒಂದು ಕಾಲದಲ್ಲಿ ಆ ಸುತ್ತಿನ ಜಾವಾ ಯೆಜ್ದಿಗಳೆಲ್ಲ ಅವರ ಕೈಯಿಂದ ಹಾದುಹೋದವು. ಈಗ ಕಣ್ಣಿಗೆ ಪೊರೆ ಬಂದು ಸೂಕ್ಷ್ಮ ಕೆಲಸ ಕಾಣಿಸುವುದಿಲ್ಲ. ಅಂಗಡಿ ಮುಚ್ಚಿದ್ದಾರೆ. ಮಕ್ಕಳು ಹೈದರಾಬಾದಿನಲ್ಲಿ ಬೇರೆ ಉದ್ಯೋಗದಲ್ಲಿದ್ದಾರೆ.

"ಕಣ್ಣು ಹೋದ್ರ ಏನಾತ್ರಿ ಸರ, ಕಿವಿ ಅದಾವಲ್ಲ" ಎಂದು ಅವರು ನನ್ನೊಡನೆ ನಕ್ಕರು.

ಒಂದು ರಬ್ಬರ್ ಉಂಗುರದ ಕತೆ

ಅಂದಿನ ರೋಗಿ ನನ್ನ ಗೆಳೆಯರ ಯೆಜ್ದಿಯೇ. ಬಿಸಿಯಾದೊಡನೆ ದಟ್ಟವಾದ ಹೊಗೆ, ಎಳೆತವೂ ಕಡಿಮೆ. ಪೇಟೆಯ ಗ್ಯಾರೇಜೊಂದರಲ್ಲಿ ಪಿಸ್ಟನ್, ರಿಂಗ್ ಎಲ್ಲ ಬದಲಿಸಬೇಕೆಂದು ದೊಡ್ಡ ಮೊತ್ತ ಹೇಳಿದ್ದರಂತೆ. ಚಾಚಾ ಒಂದು ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿದರು. ವೈದ್ಯರು ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಂತೆ. ಬಳಿಕ ಒಂದೇ ಪ್ರಶ್ನೆ: "ಗೇರ್ ಆಯಿಲ್ ಎಷ್ಟ್ ಕಡಿಮಿ ಆಗ್ಯದ ನೋಡ್ರಿ." ನೋಡಿದರೆ ಮೂರು ತಿಂಗಳ ಹಿಂದೆ ತುಂಬಿಸಿದ ಆಯಿಲ್ ಅರ್ಧಕ್ಕಿಳಿದಿತ್ತು. ಕೆಳಗೆ ನೆಲದಲ್ಲಿ ಸೋರಿದ ಗುರುತಿಲ್ಲ. ಹಾಗಾದರೆ ಆಯಿಲ್ ಎಲ್ಲಿಗೆ ಹೋಯಿತು?

ಇಲ್ಲಿ ಟೂ ಸ್ಟ್ರೋಕ್ ಇಂಜಿನಿನ ಗುಟ್ಟನ್ನು ಸ್ವಲ್ಪ ಹೇಳಬೇಕು. ಇದರಲ್ಲಿ ವಾಲ್ವುಗಳಿಲ್ಲ. ಪೆಟ್ರೋಲು, ಗಾಳಿ, ಆಯಿಲ್ ಬೆರೆತ ಮಿಶ್ರಣ ಮೊದಲು ಪಿಸ್ಟನಿನ ಕೆಳಗಿರುವ ಕ್ರಾಂಕ್ ಕೋಣೆಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದನ್ನು ಒತ್ತಿ, ಸಿಲಿಂಡರಿನ ಗೋಡೆಯ ಕಿಂಡಿಗಳ ಮೂಲಕ ಮೇಲಕ್ಕೆ ಕಳುಹಿಸುತ್ತದೆ. ಆದುದರಿಂದ ಆ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು. ಕ್ಲಚ್ಚಿನ ಕಡೆಯಲ್ಲಿ ಈ ಬಿಗಿ ಕಾಯುವುದು ಒಂದು ಸಣ್ಣ ರಬ್ಬರ್ ಉಂಗುರ, ಆಯಿಲ್ ಸೀಲ್. ಅದು ಸವೆದರೆ ಪಿಸ್ಟನ್ ಮೇಲೇರುವಾಗಲೆಲ್ಲ ಪಕ್ಕದ ಆಯಿಲನ್ನು ಕೋಣೆಯೊಳಕ್ಕೆ ಹೀರಿಕೊಳ್ಳುತ್ತದೆ. ಅಲ್ಲಿಂದ ಅದು ಮಿಶ್ರಣದೊಡನೆ ಸಿಲಿಂಡರಿಗೆ ಹೋಗಿ ಉರಿದು ಹೊಗೆಯಾಗಿ ಸೈಲೆನ್ಸರಿನಿಂದ ಹೊರಬರುತ್ತದೆ. ನೆಲದಲ್ಲಿ ಗುರುತು ಕಾಣದಿರುವುದು ಈ ಕಾರಣಕ್ಕೆ. ಪಿಸ್ಟನ್ ಬದಲಿಸಿದ್ದರೆ ಹಣ ಹೋಗುತ್ತಿತ್ತು, ಹೊಗೆ ಹೋಗುತ್ತಿರಲಿಲ್ಲ.

ಬಿಚ್ಚುವ ಕೆಲಸ ಮೊದಲಾಯಿತು. ಆಯಿಲನ್ನು ಹಳೆಯ ಡಬ್ಬಿಗೆ ಇಳಿಸಿದರು. ಎಡಬದಿಯ ಮುಚ್ಚಳ, ಕ್ಲಚ್ ಪ್ಲೇಟುಗಳು, ಒಳಗಿನ ಚೈನು ಒಂದೊಂದಾಗಿ ಹೊರಬಂದುವು. ಬಿಚ್ಚಿದ ತಿರುಪುಗಳನ್ನು ಗೆಳೆಯರ ಮಗಳು ಒಂದು ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು, ಅದೇ ಜಾಗದಲ್ಲಿ ತೂತು ಮಾಡಿ ಚುಚ್ಚಿಡುತ್ತಿದ್ದಳು. ಯಾವ ತಿರುಪು ಎಲ್ಲಿಯದೆಂದು ಕೊನೆಗೆ ಗೊಂದಲವಾಗಬಾರದಲ್ಲ! ಕ್ರಾಂಕಿನ ಹಲ್ಲುಚಕ್ರ ಮಾತ್ರ ಸುತ್ತಿಗೆಯ ಪೆಟ್ಟಿಗೆ ಬರುವಂಥದಲ್ಲ. ಹೊಡೆದರೆ ಕ್ರಾಂಕ್ ಕೆಡುತ್ತದೆ. ಅದನ್ನು ಎಳೆದು ತೆಗೆಯಲು ಬೇರೆಯೇ ಪುಲ್ಲರ್ ಬೇಕು. ಆ ಪುಲ್ಲರನ್ನು ಗದ್ವಾಲದ ಗೆಳೆಯರು ತಮ್ಮ ಲೇತ್‌ನಲ್ಲಿ ತಾವೇ ಕಡೆದಿದ್ದಾರೆ. ನಾಲ್ಕು ಗಾಡಿಗಳಿಗೂ ಅದೊಂದೇ. ಯಾರ ಮನೆಯಲ್ಲಿ ಮುಂದಿನ ಕೆಲಸವೋ ಅವರ ಮನೆಗೆ ಅದು ಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಮದುವೆಯ ದೊಡ್ಡ ಕಡಾಯಿ ಮನೆಯಿಂದ ಮನೆಗೆ ಹೋಗುತ್ತಿದ್ದಂತೆ.

ಹಳೆಯ ಸೀಲ್ ಹೊರಬಂತು. ಬೆರಳಿನಲ್ಲಿ ಮಡಚಿದರೆ ಒಣಗಿದ ಅಡಿಕೆ ಹಾಳೆಯಂತೆ ಬಿರುಕು ಬಿಟ್ಟಿತು. ಹೊಸದನ್ನು ಕೂರಿಸುವಾಗ ಚಾಚಾ ಅದರ ತುಟಿಗೆ ಸ್ವಲ್ಪ ಆಯಿಲ್ ಸವರಿಸಿ, ಅದು ನೇರವಾಗಿ ಕುಳಿತಿದೆಯೋ ಎಂದು ಬೆರಳಿನಿಂದ ಸುತ್ತಲೂ ತಡವಿ ನೋಡಿದರು. ವೈರುಗಳನ್ನು ಸರಿಪಡಿಸಿದವರು ನೇಕಾರ ಗೆಳೆಯರು. ಎಳೆ ಹುಡುಕಿ, ಗಂಟು ಕಾಣದಂತೆ ಜೋಡಿಸುವ ಕೈ ಅವರದು. "ನೂಲಿಗೂ ವಾಯರಿಗೂ ಏನ್ ಫರಕ್ ಅದರಿ, ತುಂಡಾದಲ್ಲಿ ಕೂಡಿಸೋದು" ಎಂದರು. ಮಧ್ಯಾಹ್ನದ ಹೊತ್ತಿಗೆ ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ 0.4 ಮಿಲಿಮೀಟರಿಗೆ ಹೊಂದಿಸಿದರು. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಕೆಲವೇ ಮಿಲಿಮೀಟರ್ ಮುನ್ನ ಕಿಡಿ ಹಾರುವಂತೆ ಟೈಮಿಂಗ್ ಕೂಡಿಸಿದರು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಊಟವಾದ ಮೇಲೆ ಎರಡನೆಯ ಕಿಕ್ಕಿಗೆ ಗಾಡಿ ಉಸಿರೆಳೆಯಿತು. ಸೈಲೆನ್ಸರಿನಲ್ಲಿ ಉಳಿದಿದ್ದ ಹಳೆಯ ಎಣ್ಣೆ ಉರಿದು ಮುಗಿಯುವವರೆಗೆ ಹೊಗೆ ಬಂತು. ಬಳಿಕ ತಿಳಿಯಾಯಿತು.

ಎರಡು ಲಿಪಿಯ ಪುಸ್ತಕ

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ನನ್ನ ಮನಸ್ಸನ್ನು ಹಿಡಿದುದು ಒಂದು ನೋಟ್ ಪುಸ್ತಕ. ಶಾಲಾ ಮಕ್ಕಳು ಬಳಸುವ 200 ಪುಟದ್ದು, ಗ್ರೀಸಿನ ಬೆರಳಚ್ಚುಗಳಿಂದ ರಟ್ಟು ಕಪ್ಪಾಗಿತ್ತು. ಪ್ರತಿ ಆದಿತ್ಯವಾರ ಚಾಚಾ ಹೇಳಿದ್ದೆಲ್ಲವನ್ನೂ ಅದರಲ್ಲಿ ಬರೆದಿಡುತ್ತಾರೆ. ಯಾವ ಗಾಡಿಗೆ ಏನು ರೋಗ, ಲಕ್ಷಣವೇನು, ಯಾವ ಕ್ರಮದಲ್ಲಿ ಬಿಚ್ಚಬೇಕು, ಯಾವುದನ್ನು ಎಷ್ಟು ಬಿಗಿಯಬೇಕು, ಯಾವ ಅಳತೆಯ ಬೇರಿಂಗ್, ಬದಲಿಗೆ ಯಾವುದು ಹೊಂದುತ್ತದೆ. ಚಾಚಾ ಹೇಳುವುದು ದಖನಿ ಉರ್ದುವಿನಲ್ಲಿ, ನಡುವೆ ಕನ್ನಡ, ನಡುವೆ ತೆಲುಗು. ಎಡಪುಟದಲ್ಲಿ ನನ್ನ ಗೆಳೆಯರು ಕನ್ನಡದಲ್ಲಿ ಬರೆಯುತ್ತಾರೆ. ಬಲಪುಟದಲ್ಲಿ ನೇಕಾರ ಗೆಳೆಯರು ಅದನ್ನೇ ತೆಲುಗಿನಲ್ಲಿ ಬರೆಯುತ್ತಾರೆ, ಏಕೆಂದರೆ ಅವರು ಓದಿದ್ದು ತೆಲುಗು ಶಾಲೆಯಲ್ಲಿ.

ಇದರ ಅಗತ್ಯವೇನೆಂದು ಕೇಳಿದೆ. ಗೆಳೆಯರು ಧ್ವನಿ ತಗ್ಗಿಸಿ ಹೇಳಿದರು: "ಚಾಚಾ ಇನ್ನೆಷ್ಟ್ ದಿನ ಇರ್ತಾರ ಹೇಳ್ರಿ? ಅವರ ಕೂಡ ಎಲ್ಲಾ ಹೋಗಬಾರದಲ್ಲ."

ಮಾತು ಅಷ್ಟೇ. ಆದರೆ ಇಡೀ ಸಂಗತಿಯ ತಿರುಳು ಅದರಲ್ಲಿದೆ. ಕಾರ್ಖಾನೆಯೊಂದು ಮೂವತ್ತೈದು ವರ್ಷ ನಡೆದು ಮುಚ್ಚಿದಾಗ ಅದರ ಯಂತ್ರಗಳು ಮಾರಾಟವಾಗಬಹುದು. ಅದರ ವಿದ್ಯೆ ಮಾತ್ರ ಮಾರಾಟವಾಗುವುದಿಲ್ಲ. ಅದು ಊರೂರಿನ ಮೇಸ್ತ್ರಿಗಳ ಬೆರಳಿನಲ್ಲಿ, ಕಿವಿಯಲ್ಲಿ ಹಂಚಿಹೋಗಿರುತ್ತದೆ. ಆ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಕಣ್ಮುಚ್ಚಿದಾಗ ಯಾವ ಪತ್ರಿಕೆಯಲ್ಲಿಯೂ ಸುದ್ದಿ ಬರುವುದಿಲ್ಲ, ಆದರೆ ಒಂದು ವಿದ್ಯೆಯ ಕೊಂಡಿ ಕಳಚಿರುತ್ತದೆ. ಆ ವಿದ್ಯೆಯನ್ನು ಉಳಿಸಿಕೊಳ್ಳಲು ಸರಕಾರದ ಅನುದಾನ ಬೇಕಾಗಲಿಲ್ಲ, ಕಟ್ಟಡ ಬೇಕಾಗಲಿಲ್ಲ. ಬೇವಿನ ನೆರಳು, ಒಂದು ಪುಲ್ಲರ್, ಒಂದು ನೋಟ್ ಪುಸ್ತಕ, ವಾರಕ್ಕೊಂದು ದಿನ ತಪ್ಪದೆ ಕೂಡುವ ನಾಲ್ವರು ಗೆಳೆಯರು ಸಾಕಾದರು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕನ್ನಡವೆಂದರೆ ಸಭೆ, ಸಮ್ಮೇಳನ, ಭಾಷಣ ಎಂದು ನಾವು ಗಡಿನಾಡಿನವರು ಅಂದುಕೊಂಡಿದ್ದೇವೆ. ಅವು ಬೇಕು. ಆದರೆ ಕೆಲಸದಲ್ಲಿ ಬಳಸದ ಭಾಷೆ ಬಹುಕಾಲ ಉಳಿಯಲಾರದು. ಆಯಿಲ್ ಸೀಲ್ ಬದಲಿಸುವ ಕ್ರಮವನ್ನು ಒಬ್ಬ ಕನ್ನಡದಲ್ಲಿ ಬರೆದು, ಇನ್ನೊಬ್ಬ ಅದನ್ನು ಓದಿ ಗಾಡಿ ಸರಿಪಡಿಸಿದನೆಂದರೆ ಅದು ಭಾಷೆಗೆ ಸಂದ ದೊಡ್ಡ ಸೇವೆಯೇ. ಎದುರು ಪುಟದಲ್ಲಿ ತೆಲುಗು ಇದ್ದುದರಿಂದ ಕನ್ನಡಕ್ಕೆ ಯಾವ ಕೊರತೆಯೂ ಆಗಿರಲಿಲ್ಲ. ಇಬ್ಬರಿಗೂ ಗಾಡಿ ಓಡಿತು.

ಆಕ್ಷೇಪಗಳಿಗೆ ಉತ್ತರ

ಹಳೆಯ ಗಾಡಿ ಹೊಗೆ ಕಾರುತ್ತದೆ, ಅದನ್ನು ಉಳಿಸುವುದೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಟೂ ಸ್ಟ್ರೋಕ್ ಇಂಜಿನ್ ಹೊಸ ಇಂಜಿನುಗಳಷ್ಟು ಶುಚಿಯಲ್ಲ ಎಂಬುದರಲ್ಲಿ ಸಂದೇಹವಿಲ್ಲ. ದಿನವೂ ನೂರಾರು ಮೈಲು ಓಡಿಸಲು ಅದು ತಕ್ಕುದಲ್ಲ. ಆದರೆ ಅಂಕೆಯಲ್ಲಿಟ್ಟ ಗಾಡಿಗೂ ಕೆಟ್ಟ ಗಾಡಿಗೂ ಅಜಗಜಾಂತರ. ಪೆಟ್ರೋಲ್ ಲೀಟರಿಗೆ ಸುಮಾರು 40 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್ ಸಾಕಾಗುವಲ್ಲಿ ಕಣ್ಣಂದಾಜಿಗೆ ಎರಡರಷ್ಟು ಸುರಿಯುವವರೇ ಹೆಚ್ಚು. ಸೈಲೆನ್ಸರಿನೊಳಗಿನ ಮಸಿ ತೆಗೆಯುವುದೇ ಇಲ್ಲ. ತಿಳಿದು ನೋಡಿಕೊಂಡರೆ ಹೊಗೆ ಬಹಳಷ್ಟು ಇಳಿಯುತ್ತದೆ. ಹದಿನೈದು ವರ್ಷ ಮೀರಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣ, ಹೊಗೆ ತಪಾಸಣೆ, ವಿಮೆ ಇವೆಲ್ಲ ಇದ್ದೇ ಇವೆ. ಅವನ್ನು ತಪ್ಪಿಸಿ ಓಡಿಸುವುದನ್ನು ಯಾವ ಒಳ್ಳೆಯ ಕೂಟವೂ ಒಪ್ಪುವುದಿಲ್ಲ.

ಮೋಟಾರ್ ಸೈಕಲ್ ಎಂದರೆ ಮಕ್ಕಳು ಕೆಡುತ್ತಾರೆ ಎಂಬ ತಂದೆತಾಯಿಗಳ ಅಂಜಿಕೆ ಇನ್ನೊಂದು. ಅಧ್ಯಾಪಕನಾಗಿ ನನಗೆ ಆ ಅಂಜಿಕೆ ಗೊತ್ತಿದೆ. ರಸ್ತೆಯ ಮೇಲೆ ನಾವು ಕಳೆದುಕೊಂಡ ಎಳೆಯ ಜೀವಗಳು ಕಡಿಮೆಯಲ್ಲ. ಆದರೆ ನಾನು ಕಂಡಂತೆ ಗಾಡಿಯನ್ನು ಓಡಿಸುವುದಷ್ಟೇ ಗೊತ್ತಿರುವವನಿಗಿಂತ ಅದನ್ನು ಬಿಚ್ಚಿ ಕಟ್ಟಿದವನು ಹೆಚ್ಚು ಜಾಗರೂಕ. ಬ್ರೇಕಿನ ಶೂ ಎಷ್ಟು ತೆಳುವಾಗಿದೆಯೆಂದು ಕೈಯಾರೆ ನೋಡಿದವನು ಇಳಿಜಾರಿನಲ್ಲಿ ಹುಚ್ಚಾಟ ಆಡುವುದು ಕಡಿಮೆ. ಪಾಠಪುಸ್ತಕದಲ್ಲಿ ಘರ್ಷಣೆ, ಒತ್ತಡ, ವಿದ್ಯುತ್ ಮಂಡಲ ಎಂದು ನಾವು ಬಾಯಿಪಾಠ ಮಾಡಿಸುವ ಸಂಗತಿಗಳೆಲ್ಲ ಒಂದು ಹಳೆಯ ಇಂಜಿನಿನಲ್ಲಿ ಕಣ್ಣೆದುರೇ ಇವೆ. ತಿರುಪುಗಳನ್ನು ರಟ್ಟಿಗೆ ಚುಚ್ಚಿಟ್ಟ ಆ ಬಾಲಕಿಗೆ ಯಂತ್ರವನ್ನು ಕಂಡರೆ ಹೆದರಿಕೆಯಿರಲಿಲ್ಲ.

ಈ ವಿದ್ಯೆಗೆ ಮುಂದೆ ಬೆಲೆಯಿದೆಯೇ ಎಂಬುದು ಮೂರನೆಯ ಪ್ರಶ್ನೆ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳೆಲ್ಲ ಬಿ.ಎಸ್. 6 ಮಟ್ಟದವು. ಅವುಗಳ ರೋಗ ಪತ್ತೆಗೆ ಕಿವಿ ಸಾಲದು, ಕಂಪ್ಯೂಟರ್ ಯಂತ್ರ ಬೇಕು. ನಿಜ. ಆದರೆ ಲಕ್ಷಣದಿಂದ ಕಾರಣಕ್ಕೆ ಹೋಗುವ ಬುದ್ಧಿ ಹಳೆಯದಾಗುವುದಿಲ್ಲ. ಹೊಗೆ ಕಂಡೊಡನೆ ಪಿಸ್ಟನ್ ಬದಲಿಸೆನ್ನದೆ, ಆಯಿಲ್ ಎಲ್ಲಿ ಹೋಯಿತೆಂದು ಕೇಳಿದ ಆ ಪ್ರಶ್ನೆ ಯಾವ ಯಂತ್ರಕ್ಕೂ, ಯಾವ ಕಾಲಕ್ಕೂ ಸಲ್ಲುತ್ತದೆ.

ನಮ್ಮೂರಲ್ಲಿಯೂ ಆಗಬಾರದೇಕೆ?

ಕಾಸರಗೋಡಿನ ಹಳ್ಳಿಗಳಲ್ಲಿ ಹಳೆಯ ಗಾಡಿಗಳಿಗೆ ಬರವಿಲ್ಲ. ಮಳೆಗಾಲದ ತೇವಕ್ಕೆ, ಕಡಲ ಗಾಳಿಯ ಉಪ್ಪಿಗೆ ಅವು ಇನ್ನೂ ಬೇಗ ತುಕ್ಕು ಹಿಡಿಯುತ್ತವೆ. ಆದುದರಿಂದ ಆಸಕ್ತರಿಗೆ ನಾಲ್ಕು ಮಾತು.

ಮೊದಲನೆಯದು, ದಿನವನ್ನು ನಿಗದಿ ಮಾಡಿಕೊಳ್ಳಿ. ಬಿಡುವಾದಾಗ ಕೂಡೋಣವೆಂದರೆ ಎಂದೂ ಕೂಡುವುದಿಲ್ಲ. ಎರಡನೆಯದು, ಎಲ್ಲರೂ ಎಲ್ಲ ಉಪಕರಣಗಳನ್ನು ಕೊಳ್ಳಬೇಡಿ. ಹಂಚಿಕೊಂಡರೆ ಖರ್ಚೂ ಉಳಿಯುತ್ತದೆ, ಗೆಳೆತನವೂ ಉಳಿಯುತ್ತದೆ. ಮೂರನೆಯದು, ಬಿಡಿ ಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ಬಿಡಿ. ಡೀಸೆಲ್ ಅಥವಾ ಸೀಮೆಎಣ್ಣೆ ಬಳಸಿರಿ. ಹತ್ತಿರ ಬೀಡಿ, ಒಲೆ ಬೇಡ. ಇಳಿಸಿದ ಹಳೆ ಆಯಿಲನ್ನು ತೋಟಕ್ಕೋ ತೋಡಿಗೋ ಸುರಿದರೆ ಬಾವಿಯ ನೀರು ಕೆಡುತ್ತದೆ. ಡಬ್ಬಿಯಲ್ಲಿ ಶೇಖರಿಸಿ ಹಳೆ ಆಯಿಲ್ ಕೊಳ್ಳುವವರಿಗೆ ಕೊಡಿ. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಊರಿನ ಹಳೆಯ ಮೇಸ್ತ್ರಿಯೊಬ್ಬರನ್ನು ಹುಡುಕಿ ಕರೆತನ್ನಿ. ಅವರಿಗೆ ಕುರ್ಚಿ ಕೊಡಿ, ಚಹ ಕೊಡಿ, ಸಾಧ್ಯವಾದರೆ ಗೌರವಧನವನ್ನೂ ಕೊಡಿ. ಅವರು ಹೇಳುವುದನ್ನು ಅಂದೇ ಬರೆದಿಡಿ. ಅವರು ಮಲಯಾಳದಲ್ಲಿ ಹೇಳಿದರೆ ಏನಾಯಿತು? ನೀವು ಕನ್ನಡದಲ್ಲಿ ಬರೆಯಿರಿ, ಎದುರು ಪುಟವನ್ನು ಮಲಯಾಳ ಓದುವ ಗೆಳೆಯನಿಗೆ ಬಿಡಿ.

ನಮ್ಮ ಶಾಲೆಗಳ ವೃತ್ತಿಪರಿಚಯ ಮೇಳಗಳಲ್ಲಿ ಮಕ್ಕಳು ತಾವಾಗಿ ಮಾಡಿದ ವಸ್ತುಗಳನ್ನು ತೋರಿಸುತ್ತಾರೆ. ಅದು ಒಳ್ಳೆಯದೇ. ಕೆಟ್ಟುಹೋದುದನ್ನು ಸರಿಪಡಿಸುವುದೂ ಒಂದು ವೃತ್ತಿ, ಒಂದು ಕಲೆ ಎಂಬುದನ್ನು ಅವರಿಗೆ ತೋರಿಸಿಕೊಡುವುದು ಹಿರಿಯರಾದ ನಮ್ಮ ಹೊಣೆ. ಅದಕ್ಕೆ ದೊಡ್ಡ ಸಿದ್ಧತೆ ಬೇಕಾಗಿಲ್ಲ. ಮುಂದಿನ ಬಾರಿ ಅಂಗಳದಲ್ಲಿ ಗಾಡಿ ಬಿಚ್ಚುವಾಗ "ದೂರ ಹೋಗು, ಕೈ ಕೊಳೆಯಾದೀತು" ಎಂದು ಮಗುವನ್ನು ಗದರದೆ, ಅದರ ಕೈಗೊಂದು ಸ್ಪ್ಯಾನರ್ ಕೊಟ್ಟರೆ ಸಾಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತನ್ನು ನಾವು ಮಕ್ಕಳಿಂದ ಕಾಪಿ ಬರೆಸುತ್ತೇವಷ್ಟೆ. ಒಮ್ಮೆ ಅವರ ಕೈ ಕೆಸರಾಗಲಿಕ್ಕೂ ಬಿಡೋಣ.